ಹಳೇ ಕಂಪ್ಯೂಟರ್ ಮಾರುವಾಗ ಅದರಲ್ಲಿರುವ ಹಾಡುಗಳನ್ನು ಏನು ಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಲ್ಯಾಪ್‌ಟಾಪ್ ಮಾರಲು ಹೊರಟಾಗ ಫೋಟೋ, ಪಾಸ್‌ವರ್ಡ್, ಬ್ಯಾಂಕಿನ ಕಾಗದಪತ್ರ ಎಲ್ಲರಿಗೂ ನೆನಪಾಗುತ್ತವೆ. ಹಾಡುಗಳು ನೆನಪಾಗುವುದು ಕೊನೆಗೆ. ಕೆಲವರಿಗೆ ಯಂತ್ರ ಕೈಬಿಟ್ಟ ಮೇಲೆ. ಹತ್ತು ಹದಿನೈದು ವರ್ಷದಿಂದ ನೆಂಟರು, ಸ್ನೇಹಿತರು, ಅಕ್ಕಪಕ್ಕದ ಮನೆಯವರು ನನ್ನನ್ನು ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ. ಆದರೆ ಮನೆಯವರ ದನಿಯ ಬಗ್ಗೆ ಇರುವ ಉತ್ತರವನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಕಂಪ್ಯೂಟರ್ ಜೊತೆ ಹಾಡುಗಳನ್ನೂ ಹಾಗೇ ಬಿಟ್ಟು ಕೊಡಬಹುದಾ?

ಬೇಡ. ತಗೊಳ್ಳುವವರು "ಇರಲಿ ಬಿಡಿ ಸರ್, ಕೇಳ್ಕೋತೀವಿ" ಅಂದರೂ ಬೇಡ. ಒಂದೇ ಮ್ಯೂಸಿಕ್ ಫೋಲ್ಡರ್‌ನಲ್ಲಿ ನೀವು ದುಡ್ಡು ಕೊಟ್ಟು ಇಳಿಸಿಕೊಂಡದ್ದು ಇರುತ್ತದೆ, ಸೀಡಿಯಿಂದ ಹಾಕಿಕೊಂಡದ್ದು ಇರುತ್ತದೆ, ಯಾರದೋ ಪೆನ್‌ಡ್ರೈವ್‌ನಿಂದ ಬಂದದ್ದು ಇರುತ್ತದೆ. ನಿಮ್ಮ ಮಗು ಎರಡನೇ ಕ್ಲಾಸಿನಲ್ಲಿ ಹಾಡಿದ ಪ್ರಾರ್ಥನೆಯೂ ಇರುತ್ತದೆ. ಒಂದೊಂದಕ್ಕೂ ಒಂದೊಂದು ದಾರಿ. ಎಲ್ಲವನ್ನೂ ಒಟ್ಟಿಗೆ ಬಿಟ್ಟುಕೊಟ್ಟರೆ ಕೊಡಬಾರದ್ದು ಹೋಗುತ್ತದೆ, ಉಳಿಸಿಕೊಳ್ಳಬೇಕಾದ್ದೂ ಹೋಗುತ್ತದೆ.

ದುಡ್ಡು ಕೊಟ್ಟು ತಗೊಂಡ ಹಾಡು ನನ್ನದೇ ಅಲ್ವಾ? ಸೀಡಿ ಮಾರಬಹುದು, ಫೈಲ್ ಯಾಕೆ ಮಾರಬಾರದು?

ಎಲ್ಲಕ್ಕಿಂತ ಜಾಸ್ತಿ ಜನ ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೂ ಹೌದು.

ಸೀಡಿ ಒಂದು ವಸ್ತು. ನನ್ನ ಕೈಯಿಂದ ನಿಮ್ಮ ಕೈಗೆ ಬಂದರೆ ನನ್ನ ಹತ್ತಿರ ಇರುವುದಿಲ್ಲ. ಫೈಲ್ ಹಾಗಲ್ಲ. ನಾನು ನಿಮಗೆ "ಕೊಟ್ಟೆ" ಅಂದಾಗ ನಿಜಕ್ಕೂ ಆಗಿದ್ದು ನಿಮ್ಮ ಡಿಸ್ಕ್ ಮೇಲೆ ಇನ್ನೊಂದು ಪ್ರತಿ ಹುಟ್ಟಿದ್ದು. ನನ್ನದು ನನ್ನ ಹತ್ತಿರವೇ ಇದೆ. ಕಾಪಿರೈಟ್ ಕಾನೂನು ಹಿಡಿದುಕೊಳ್ಳುವುದು ಈ ಹೊಸ ಪ್ರತಿಯನ್ನು.

ಅಮೆರಿಕದಲ್ಲಿ ಈ ವಿಷಯ ಕೋರ್ಟಿನಲ್ಲಿ ಚೆನ್ನಾಗಿ ಜಾಲಾಡಿಸಿಕೊಂಡಿದೆ. ಅಲ್ಲಿ 1908ರಲ್ಲೇ ಬಾಬ್ಸ್-ಮೆರಿಲ್ ಎಂಬ ಪ್ರಕಾಶಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತ್ತು: ಪುಸ್ತಕವನ್ನು ಒಮ್ಮೆ ಮಾರಿದ ಮೇಲೆ, ಕೊಂಡವರು ಅದನ್ನು ಮತ್ತೆ ಎಷ್ಟಕ್ಕೆ ಮಾರಬೇಕು ಎಂದು ಪ್ರಕಾಶಕರು ಕಟ್ಟು ಹಾಕುವಂತಿಲ್ಲ. ಹಳೇ ಪುಸ್ತಕದ ಅಂಗಡಿ, ಹಳೇ ರೆಕಾರ್ಡಿನ ಅಂಗಡಿ ಎಲ್ಲಾ ನಡೆಯುವುದು ಈ ತತ್ವದ ಮೇಲೆ. 2003ರಲ್ಲಿ ಆಪಲ್ ಕಂಪನಿ ಐಟ್ಯೂನ್ಸ್ ಎಂಬ ಆನ್‌ಲೈನ್ ಹಾಡಿನ ಅಂಗಡಿ ತೆರೆದು ಹಾಡಿಗೆ 99 ಸೆಂಟ್‌ನಂತೆ ಮಾರಲು ಶುರು ಮಾಡಿತು. ಅದೇ ವರ್ಷ ಒಬ್ಬರು ತಾವು ಕೊಂಡ ಒಂದೇ ಒಂದು ಹಾಡನ್ನು ಇಬೇ ಎಂಬ ವೆಬ್‌ಸೈಟಿನಲ್ಲಿ ಹರಾಜಿಗೆ ಇಟ್ಟರು. ದುಡ್ಡಿನ ಆಸೆಗಲ್ಲ, ಆ ಹಳೇ ಹಕ್ಕು ಫೈಲಿಗೂ ಇದೆಯಾ ಎಂದು ನೋಡಲು. ಇಬೇ ಆ ಹರಾಜನ್ನೇ ತೆಗೆದುಹಾಕಿತು.

ಆಮೇಲೆ 2011ರಲ್ಲಿ ರಿಡಿಜಿ ಎಂಬ ಕಂಪನಿ ಬಂತು. ಐಟ್ಯೂನ್ಸ್‌ನಲ್ಲಿ ಕೊಂಡ ಹಾಡನ್ನು ಅಲ್ಲಿ ಸೆಕೆಂಡ್‌ಹ್ಯಾಂಡ್ ಆಗಿ ಮಾರಬಹುದಿತ್ತು. ಹಾಡು ತುಣುಕು ತುಣುಕಾಗಿ ಅವರ ಸರ್ವರಿಗೆ ಹೋಗುತ್ತಿದ್ದಂತೆ ಮಾರುವವರ ಕಂಪ್ಯೂಟರಿನಲ್ಲಿ ಅಳಿಯುತ್ತಾ ಹೋಗುವ ಹಾಗೆ ಅವರು ಏರ್ಪಾಡು ಮಾಡಿದ್ದರು. ಎರಡು ಪ್ರತಿ ಒಮ್ಮೆಲೇ ಇರುವುದಿಲ್ಲ, ಆದ್ದರಿಂದ ಇದು ಕಾಪಿ ಅಲ್ಲ ಎಂಬುದು ಅವರ ವಾದ. ಕ್ಯಾಪಿಟಲ್ ರೆಕಾರ್ಡ್ಸ್ ಕಂಪನಿ ದಾವೆ ಹೂಡಿತು. ನ್ಯೂಯಾರ್ಕಿನ ನ್ಯಾಯಾಧೀಶ ರಿಚರ್ಡ್ ಸಲಿವನ್ 2013ರಲ್ಲಿ ರಿಡಿಜಿ ವಿರುದ್ಧ ತೀರ್ಪು ಕೊಟ್ಟರು. 2018ರ ಡಿಸೆಂಬರ್‌ನಲ್ಲಿ ಮೇಲಿನ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಹಳೆಯದು ಅಳಿದರೂ ಸರ್ವರಿನ ಡಿಸ್ಕ್ ಮೇಲೆ ಕೂತಿದ್ದು ಹೊಸ ಪ್ರತಿಯೇ ಎಂಬುದು ಕಾರಣ.

ಆದರೆ 2013ರ ಆ ತೀರ್ಪಿನೊಳಗೆ ನಮ್ಮ ವಿಷಯಕ್ಕೆ ನೇರ ಸಂಬಂಧಪಟ್ಟ ಒಂದು ಮಾತಿದೆ. ಹಾಡು ಮೊದಲು ಯಾವ ಹಾರ್ಡ್ ಡಿಸ್ಕ್ ಅಥವಾ ಐಪಾಡ್ ಮೇಲೆ ಇಳಿಯಿತೋ, ಆ ವಸ್ತುವನ್ನೇ ಮಾರುವ ಹಕ್ಕು ಮಾಲೀಕರಿಗೆ ಇದ್ದೇ ಇದೆ ಎಂದು ನ್ಯಾಯಾಧೀಶರು ಹೇಳಿದ್ದಾರೆ. ಅಂದರೆ ಅಮೆರಿಕದಲ್ಲಿ, ನ್ಯಾಯವಾಗಿ ಕೊಂಡು ಇಳಿಸಿಕೊಂಡ ಹಾಡು ಇರುವ ಅದೇ ಡಿಸ್ಕನ್ನು, ಬೇರೆ ಪ್ರತಿ ಇಟ್ಟುಕೊಳ್ಳದೆ ಮಾರಿದರೆ ಹಳೇ ಪುಸ್ತಕ ಮಾರಿದ ಹಾಗೆ. ಅಲ್ಲಿರುವ ನಮ್ಮ ಕನ್ನಡಿಗರು ಕೇಳಿದಾಗ ನಾನು ಇದನ್ನೇ ಹೇಳುತ್ತೇನೆ. ಜೊತೆಗೆ ಇನ್ನೊಂದನ್ನೂ ಹೇಳುತ್ತೇನೆ: ಯಾರು ತಾನೇ ತಮ್ಮ ಇಷ್ಟದ ಹಾಡಿನ ಪ್ರತಿ ಇಟ್ಟುಕೊಳ್ಳದೆ ಕಂಪ್ಯೂಟರ್ ಮಾರುತ್ತಾರೆ?

ಯುರೋಪಿನಲ್ಲಿ 2012ರಲ್ಲಿ ಅಲ್ಲಿನ ಉನ್ನತ ನ್ಯಾಯಾಲಯ ಹಳೇ ಸಾಫ್ಟ್‌ವೇರ್ ಲೈಸೆನ್ಸ್ ಮಾರಬಹುದು ಅಂದಿತು. 2019ರಲ್ಲಿ ಇ-ಪುಸ್ತಕಕ್ಕೆ ಅದು ಅನ್ವಯಿಸುವುದಿಲ್ಲ ಅಂದಿತು. ಹಾಡು ಇ-ಪುಸ್ತಕದ ಪಕ್ಕದಲ್ಲೇ ನಿಲ್ಲುವ ವಸ್ತು.

ನಮ್ಮ ದೇಶದ ಕಾನೂನು ಏನು ಹೇಳುತ್ತೆ?

ನಮ್ಮದು 1957ರ ಕಾಪಿರೈಟ್ ಕಾಯಿದೆ. ಸ್ವಂತ ಬಳಕೆಗೆ ನ್ಯಾಯವಾಗಿ ಪ್ರತಿ ಮಾಡಿಕೊಳ್ಳುವುದಕ್ಕೆ 52ನೇ ಸೆಕ್ಷನ್ ಜಾಗ ಬಿಟ್ಟಿದೆ. ಹಾಡಿನ ಪ್ರತಿಯನ್ನು ಮಾರುವ ಹಕ್ಕನ್ನು 14ನೇ ಸೆಕ್ಷನ್ ಧ್ವನಿಮುದ್ರಣದ ಹಕ್ಕುದಾರರಿಗೆ ಕೊಟ್ಟಿದೆ. ಮೊದಲು ಅದರಲ್ಲಿ "ಆ ಪ್ರತಿ ಹಿಂದೆ ಮಾರಾಟವಾಗಿದ್ದರೂ ಸರಿ" ಎನ್ನುವ ಅರ್ಥದ ಬಿಗಿ ಮಾತು ಇತ್ತು. 2012ರ ತಿದ್ದುಪಡಿಯಲ್ಲಿ ಆ ಮಾತನ್ನು ತೆಗೆದರು. ಹಳೇ ಎಲ್‌ಪಿ ರೆಕಾರ್ಡು, ಕ್ಯಾಸೆಟ್ಟು, ಸೀಡಿ ನಮ್ಮ ಊರುಗಳಲ್ಲಿ ಮೊದಲಿನಿಂದಲೂ ಕೈ ಬದಲಾಗುತ್ತಲೇ ಇವೆ. ದುಡ್ಡಿಗಾಗಿ ಹಾಡುಗಳ ಪ್ರತಿ ಮಾಡಿ ಹಂಚುವುದು ಮಾತ್ರ ಬೇರೆಯೇ ವಿಷಯ. 63ನೇ ಸೆಕ್ಷನ್ ಪ್ರಕಾರ ಅದಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ.

"ತುಂಬಾ ಹಳೇ ಹಾಡು, ಇದಕ್ಕೆಲ್ಲಾ ಯಾರು ಕೇಳ್ತಾರೆ" ಅನ್ನುವವರಿದ್ದಾರೆ. ಲೆಕ್ಕ ಹೀಗಿದೆ: ಧ್ವನಿಮುದ್ರಣ ಹೊರಬಂದ ವರ್ಷ ಮುಗಿದ ಮೇಲೆ 60 ವರ್ಷ ಅದಕ್ಕೆ ಹಕ್ಕು. 1964ರಲ್ಲಿ ಹೊರಬಂದ ರೆಕಾರ್ಡಿನದು 2024ರ ಕೊನೆಗೆ ಮುಗಿಯಿತು. ಆದರೆ ಸಾಹಿತ್ಯ ಬರೆದವರು, ರಾಗ ಹಾಕಿದವರ ಹಕ್ಕು ಬೇರೆ. ಅದು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಇದರ ತಿರುವುಮುರುವೂ ನಿಜ. ಪುರಂದರದಾಸರ ಕೀರ್ತನೆ ಎಲ್ಲರದ್ದು, ಯಾರು ಬೇಕಾದರೂ ಹಾಡಬಹುದು. ಆದರೆ ಹೋದ ವರ್ಷ ಒಬ್ಬ ಗಾಯಕರು ಅದನ್ನು ಹಾಡಿ, ಕಂಪನಿ ಹೊರತಂದ ರೆಕಾರ್ಡಿಂಗ್ ಎಲ್ಲರದ್ದಲ್ಲ.

ಐಟ್ಯೂನ್ಸ್‌ನಲ್ಲಿ ತಗೊಂಡ ಹಾಡುಗಳಿವೆ. ಮಾರುವ ಮುಂಚೆ ಏನು ಮಾಡಬೇಕು?

ಐಟ್ಯೂನ್ಸ್ ಅಂಗಡಿ ಭಾರತಕ್ಕೆ ಬಂದಿದ್ದು 2012ರ ಡಿಸೆಂಬರ್‌ನಲ್ಲಿ. ಆಗ ಹಾಡಿಗೆ 7, 12, 15 ರೂಪಾಯಿ ಇತ್ತು. ಆಗ ಕೊಂಡ ಹಾಡುಗಳಿಗೆ ಬೀಗ ಇಲ್ಲ, ಯಾವ ಪ್ಲೇಯರ್‌ನಲ್ಲಾದರೂ ಹಾಡುತ್ತವೆ. ಆದರೆ ಬೀಗ ಇಲ್ಲ ಎಂದ ಮಾತ್ರಕ್ಕೆ ಗುರುತು ಇಲ್ಲ ಎಂದಲ್ಲ. ಒಂದು ಹಾಡಿನ ಮೇಲೆ ರೈಟ್ ಕ್ಲಿಕ್ ಮಾಡಿ, ಗೆಟ್ ಇನ್ಫೋ ಒತ್ತಿ, ಫೈಲ್ ಅನ್ನುವ ಟ್ಯಾಬ್ ನೋಡಿ. ಯಾರು ಕೊಂಡಿದ್ದು, ಯಾವ ಇಮೇಲ್, ಯಾವತ್ತು, ಎಲ್ಲಾ ಅಲ್ಲಿ ಬರೆದಿರುತ್ತದೆ. ಒಬ್ಬ ಸ್ನೇಹಿತನಿಗೆ ಇದನ್ನು ತೋರಿಸಿದಾಗ ಅವನು ಸ್ಕ್ರೀನಿಗೆ ಮುಖ ಹತ್ತಿರ ತಂದು ಎರಡು ಸಲ ಓದಿದ. ಹತ್ತು ವರ್ಷದ ಹಿಂದಿನ ಹಾಡಿನೊಳಗೆ ಅವನ ಪೂರ್ತಿ ಹೆಸರು, ಅವನು ಇಂದಿಗೂ ಬಳಸುವ ಇಮೇಲ್. ಆ ಹಾಡು ಯಾರ ಕೈಗೆ ಹೋದರೂ ಆ ವಿವರ ಜೊತೆಗೇ ಹೋಗುತ್ತದೆ.

ಮಾರುವ ಮುಂಚೆ ಆ ಕಂಪ್ಯೂಟರಿಗೆ ಐಟ್ಯೂನ್ಸ್‌ನಲ್ಲಿ ಕೊಟ್ಟಿರುವ ಅನುಮತಿಯನ್ನು ರದ್ದು ಮಾಡಿ. ಅಕೌಂಟ್ ಮೆನುವಿನಲ್ಲಿ ಆಥರೈಸೇಷನ್ಸ್, ಅದರಲ್ಲಿ ಡೀಆಥರೈಸ್ ದಿಸ್ ಕಂಪ್ಯೂಟರ್. ಒಂದು ಅಕೌಂಟಿಗೆ 5 ಕಂಪ್ಯೂಟರ್ ಮಾತ್ರ. ತೆಗೆಯದೆ ಮಾರಿದರೆ ಆ ಜಾಗ ಹಾಗೇ ಹಿಡಿದಿರುತ್ತದೆ. ಈಗಾಗಲೇ ಮಾರಿಬಿಟ್ಟಿದ್ದೀರಾ? ಗಾಬರಿ ಬೇಡ. ಹೊಸ ಕಂಪ್ಯೂಟರಿನಿಂದ ಎಲ್ಲವನ್ನೂ ಒಂದೇ ಸಲ ತೆಗೆಯುವ ಅವಕಾಶ ವರ್ಷಕ್ಕೊಮ್ಮೆ ಇದೆ. ಆಮೇಲೆ ಅಕೌಂಟಿನಿಂದ ಹೊರಬನ್ನಿ. ಕೊಂಡ ಹಾಡುಗಳು ಹೊಸ ಯಂತ್ರದಲ್ಲಿ ಮತ್ತೆ ಇಳಿಯುತ್ತವೆ. ಅಂಗಡಿಯಿಂದ ಕಂಪನಿ ವಾಪಸ್ ತಗೊಂಡ ಹಾಡು ಮಾತ್ರ ಮತ್ತೆ ಸಿಗುವುದಿಲ್ಲ. ಆದ್ದರಿಂದ ಎಲ್ಲದರ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳಿ.

ಅಂಗಡಿಯೇ ಮುಚ್ಚಿಹೋಗುವುದೂ ಉಂಟು. ಫ್ಲಿಪ್‌ಕಾರ್ಟ್ 2012ರಲ್ಲಿ ಫ್ಲೈಟ್ ಎಂಬ ಹೆಸರಿನಲ್ಲಿ ಎಂಪಿ3 ಅಂಗಡಿ ತೆರೆದು 2013ರಲ್ಲೇ ಬಾಗಿಲು ಹಾಕಿತು. ಅಲ್ಲಿ ಕೊಂಡ ಕನ್ನಡ ಹಾಡುಗಳು ನಿಮ್ಮ ಹಳೇ ಕಂಪ್ಯೂಟರಿನಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಹಳೇ ಹಾಡುಗಳನ್ನು ಹೊಸ ಲ್ಯಾಪ್‌ಟಾಪಿಗೆ ಹಾಕಿದೆ. ಕೆಲವು ಹಾಡ್ತಾನೇ ಇಲ್ಲ. ಯಾಕೆ?

ಫೈಲಿನ ಬಾಲ ನೋಡಿ, ಅಂದರೆ ಹೆಸರಿನ ಕೊನೆಯ ಚುಕ್ಕೆಯ ಆಮೇಲೆ ಬರುವ ಅಕ್ಷರಗಳನ್ನು. ಎಂ4ಪಿ ಎಂದಿದ್ದರೆ ಅದು ಐಟ್ಯೂನ್ಸ್‌ನ ಬೀಗವಿದ್ದ ಕಾಲದ್ದು. 2009ಕ್ಕೆ ಮುಂಚೆ ಅಮೆರಿಕ, ಇಂಗ್ಲೆಂಡಿನಲ್ಲಿದ್ದು ಕೊಂಡವರ ಹತ್ತಿರ ಇವು ಇರುತ್ತವೆ. ಕೊಂಡ ಅಕೌಂಟಿನಲ್ಲೇ ಹೊಸ ಯಂತ್ರಕ್ಕೆ ಅನುಮತಿ ಕೊಟ್ಟರೆ ಹಾಡುತ್ತವೆ.

ಡಬ್ಲ್ಯುಎಂಎ ಎಂದಿದ್ದರೆ ಇನ್ನೊಂದು ಕತೆ. ಹಳೇ ವಿಂಡೋಸ್ ಮೀಡಿಯಾ ಪ್ಲೇಯರ್‌ನಲ್ಲಿ ಸೀಡಿ ಹಾಕಿ ಹಾಡು ಇಳಿಸಿಕೊಳ್ಳುವಾಗ "ಕಾಪಿ ಪ್ರೊಟೆಕ್ಟ್ ಮ್ಯೂಸಿಕ್" ಎಂಬ ಒಂದು ಚೌಕ ಇರುತ್ತಿತ್ತು. ಅದರಲ್ಲಿ ಟಿಕ್ ಇದ್ದರೆ ನಿಮ್ಮದೇ ಸೀಡಿಯಿಂದ ಬಂದ ಹಾಡು ಆ ಒಂದು ಕಂಪ್ಯೂಟರಿಗೇ ಕಟ್ಟುಬೀಳುತ್ತಿತ್ತು. ಬಹಳ ಜನ ಆ ಚೌಕವನ್ನು ನೋಡೇ ಇರಲಿಲ್ಲ. ಇದಕ್ಕೇ ನಾನು ಹೇಳುವುದು: ಹಳೆಯದನ್ನು ಮಾರುವ ಮುಂಚೆ ಹೊಸದರಲ್ಲಿ ಹಾಡಿಸಿ ನೋಡಿ. ಫೈಲ್ ಬಂದಿದೆ ಎನ್ನುವುದು ಬೇರೆ, ಹಾಡು ಬಂದಿದೆ ಎನ್ನುವುದು ಬೇರೆ. ಸೀಡಿ ಇನ್ನೂ ಮನೆಯಲ್ಲಿದ್ದರೆ ಎಂಪಿ3 ಅಥವಾ ಫ್ಲ್ಯಾಕ್ ಆಗಿ ಮತ್ತೆ ಇಳಿಸಿಕೊಳ್ಳಿ.

ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಡೌನ್‌ಲೋಡ್ ಮಾಡಿದ ಹಾಡು?

ಅವು ನಿಮ್ಮದಲ್ಲ, ತಿಂಗಳ ಬಾಡಿಗೆಗೆ ಬಂದವು. ಆಪ್ ಬಿಟ್ಟು ಹೊರಗೆ ಹಾಡುವುದೇ ಇಲ್ಲ. ಅಕೌಂಟಿನಿಂದ ಹೊರಬಂದರೆ ಆಯಿತು. ಹೊರಬರದೆ ಮಾತ್ರ ಕೊಡಬೇಡಿ, ಕೊಂಡವರ ಮಕ್ಕಳು ಕೇಳುವ ಹಾಡೆಲ್ಲಾ ನಿಮ್ಮ ಲೆಕ್ಕಕ್ಕೆ ಬಂದು ಕೂರುತ್ತದೆ.

ನನ್ನ ಸೀಡಿಗಳಿಂದ ಕಂಪ್ಯೂಟರಿಗೆ ಹಾಕಿಕೊಂಡ ಹಾಡುಗಳಿವೆ. ಅವನ್ನು ಯಾರಿಗಾದರೂ ದಾಟಿಸಬೇಕು ಅಂದರೆ?

ಸೀಡಿ ದಾಟಿಸಿ. ಅದರ ಜೊತೆಯ ಪುಟ್ಟ ಪುಸ್ತಕ, ಹಾಡಿನ ಸಾಹಿತ್ಯ, ವಾದ್ಯದವರ ಹೆಸರು ಎಲ್ಲಾ ಸೇರಿಸಿ ಕೊಡಿ. ಕೊಟ್ಟ ಮೇಲೆ ನಿಮ್ಮ ಹತ್ತಿರದ ಫೈಲುಗಳನ್ನು ಅಳಿಸಿಬಿಡಿ. ಒಂದು ಸೀಡಿ ಕೊಂಡವರು ಒಬ್ಬರು, ಕೇಳುವ ಮನೆ ಎರಡಾದರೆ ಅದು ಸರಿಯಲ್ಲ ಎಂದು ನನಗೆ ಮನಸ್ಸಿನಲ್ಲೇ ಅನ್ನಿಸುತ್ತದೆ. ಯಾರೂ ನೋಡುವುದಿಲ್ಲ, ಹೌದು. ಆದರೂ.

ನಮ್ಮ ಭಾವಗೀತೆ, ಜಾನಪದದ ಎಷ್ಟೋ ಕ್ಯಾಸೆಟ್ಟು, ಸೀಡಿಗಳನ್ನು ತಂದವರು ಚಿಕ್ಕ ಚಿಕ್ಕ ಕಂಪನಿಗಳು. ಕೆಲವು ಆಲ್ಬಮ್‌ಗಳು ಇವತ್ತು ಯಾವ ಆಪ್‌ನಲ್ಲೂ ಸಿಗುವುದಿಲ್ಲ. ಅಂಥ ಸೀಡಿ ನಿಮ್ಮ ಹತ್ತಿರ ಇದ್ದರೆ ಕಂಪ್ಯೂಟರಿಗಿಂತ ಅದೇ ದೊಡ್ಡ ವಸ್ತು. ಗುಜರಿಗೆ ಹಾಕಬೇಡಿ.

ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಕಿಸಿದ್ದು, ಸ್ನೇಹಿತರ ಪೆನ್‌ಡ್ರೈವ್‌ನಿಂದ ಬಂದದ್ದು ಸಾವಿರಾರು ಇವೆ...

ಗೊತ್ತು. ಒಂದು ಕಾಲದಲ್ಲಿ ಎಲ್ಲರ ಮನೆಯಲ್ಲೂ ಇದ್ದದ್ದೇ. ಮೊಬೈಲ್ ಅಂಗಡಿಗೆ ಹೋಗಿ ಹೊಸ ಸಿನಿಮಾ ಹಾಡು ಹಾಕಿಸಿಕೊಂಡು ಬರುತ್ತಿದ್ದೆವು. ಒಂದೇ ಎಂಪಿ3 ಸೀಡಿಯಲ್ಲಿ ನೂರೈವತ್ತು ಹಾಡು ಬರುತ್ತಿದ್ದವು. ಈಗಲೂ ಆ ಫೈಲುಗಳ ಗುರುತು ಸಿಗುತ್ತದೆ: ಹಾಡಿನ ಹೆಸರಿನ ಪಕ್ಕ ಯಾವುದೋ ವೆಬ್‌ಸೈಟಿನ ಹೆಸರು ಅಂಟಿರುತ್ತದೆ, ಗಾಯಕರ ಹೆಸರಿನ ಜಾಗದಲ್ಲೂ ಅದೇ ಇರುತ್ತದೆ. ಹಾಡಿದವರ ಹೆಸರನ್ನೇ ಅಳಿಸಿ ತಮ್ಮ ಹೆಸರು ಬರೆದುಕೊಂಡವರಿಂದ ಬಂದ ಹಾಡು ಅದು.

ಅವನ್ನು ಮುಂದಕ್ಕೆ ದಾಟಿಸಬೇಡಿ. ಅಳಿಸಿ. ಬೇಕಾದ ಹಾಡುಗಳ ಹೆಸರು ಬರೆದಿಟ್ಟುಕೊಳ್ಳಿ, ಜಾಸ್ತಿ ಪಾಲು ಇವತ್ತು ಸರಿಯಾದ ದಾರಿಯಲ್ಲೇ ಸಿಗುತ್ತವೆ, ಅದೂ ಇನ್ನೂ ಒಳ್ಳೆ ಗುಣಮಟ್ಟದಲ್ಲಿ.

ನಮ್ಮ ಮನೆಯವರೇ ಹಾಡಿ ರೆಕಾರ್ಡ್ ಮಾಡಿದ್ದು ಇದ್ದರೆ?

ಎಲ್ಲಕ್ಕಿಂತ ಮೊದಲು ಅದನ್ನು ಹುಡುಕಿ. ಉಳಿದ ಯಾವ ಹಾಡು ಹೋದರೂ ಪ್ರಪಂಚದಲ್ಲಿ ಇನ್ನೆಲ್ಲೋ ಒಂದು ಪ್ರತಿ ಇರುತ್ತದೆ. ಇದು ನಿಮ್ಮ ಹತ್ತಿರ ಮಾತ್ರ.

ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ನನ್ನ ಅಜ್ಜಿ ಮಲೆನಾಡಿನ ಹಸೆ ಹಾಡುಗಳನ್ನು ತುಂಬಾ ಚೆನ್ನಾಗಿ ಹಾಡುತ್ತಿದ್ದಳು. ಮದುವೆ ಮನೆಯಲ್ಲಿ ಹಸೆ ಬರೆಯುವಾಗ, ಎಣ್ಣೆ ಶಾಸ್ತ್ರಕ್ಕೆ, ಹೆಣ್ಣು ಒಪ್ಪಿಸುವಾಗ, ಒಂದೊಂದಕ್ಕೂ ಒಂದೊಂದು ಹಾಡು. ಒಂದು ಬೇಸಿಗೆ ರಜೆಯಲ್ಲಿ ಅವಳನ್ನು ಜಗಲಿಯಲ್ಲಿ ಕೂರಿಸಿಕೊಂಡು ನೋಕಿಯಾ ಫೋನಿನಲ್ಲಿ ಒಂದೊಂದೇ ಹಾಡು ರೆಕಾರ್ಡ್ ಮಾಡಿದ್ದೆ. ಇಪ್ಪತ್ತಕ್ಕೂ ಜಾಸ್ತಿ. ಕಂಪ್ಯೂಟರಿಗೆ ಹಾಕಿ "ಅಜ್ಜಿ ಹಾಡು" ಎಂದು ಫೋಲ್ಡರ್ ಮಾಡಿಟ್ಟೆ. ಆಮೇಲೆ ಫೋನ್ ಬದಲಾಯಿತು. 2011ರಲ್ಲಿ ಆ ಡೆಸ್ಕ್‌ಟಾಪನ್ನು ಬೆಂಗಳೂರಿನ ಒಂದು ಅಂಗಡಿಗೆ ಕೊಟ್ಟೆ. ಮ್ಯೂಸಿಕ್ ಫೋಲ್ಡರ್ ಪೂರ್ತಿ ಕಾಪಿ ಮಾಡಿಕೊಂಡಿದ್ದೆ. ಅಜ್ಜಿಯ ಫೋಲ್ಡರ್ ಇದ್ದದ್ದು ಡಿ ಡ್ರೈವ್‌ನಲ್ಲಿ, ಫೋನಿನ ಬ್ಯಾಕಪ್ ಒಳಗೆ. ನೆನಪಾಗಿ ನಾಲ್ಕನೇ ದಿನ ಓಡಿ ಹೋದೆ. ಡಿಸ್ಕ್ ಫಾರ್ಮ್ಯಾಟ್ ಆಗಿ, ಹೊಸ ವಿಂಡೋಸ್ ಹಾಕಿಸಿಕೊಂಡು, ಬೇರೆಯವರ ಮನೆ ಸೇರಿತ್ತು. ಅಷ್ಟು ಹೊತ್ತಿಗೆ ಅಜ್ಜಿ ಇರಲಿಲ್ಲ.

ಉಳಿದದ್ದು ಒಂದು. ಚಿಕ್ಕಮ್ಮನ ಮಗಳು ಯಾವಾಗಲೋ ಬ್ಲೂಟೂತ್‌ನಲ್ಲಿ ತಗೊಂಡಿದ್ದು ಅವಳ ಹಳೇ ಫೋನಿನಲ್ಲಿ ಇತ್ತು. ಮೂರು ನಿಮಿಷದ ಎಎಂಆರ್ ಫೈಲು. ದನಿ ಕೊಳವೆಯಿಂದ ಬಂದ ಹಾಗಿದೆ. ಮಧ್ಯದಲ್ಲಿ ಅಜ್ಜಿ ಒಂದು ಸಾಲು ಮರೆತು, "ತಡಿ ತಡಿ" ಎಂದು ನಿಲ್ಲಿಸಿ, ಬಾಯೊಳಗೇ ಹಿಂದಿನ ಸಾಲನ್ನು ಗುನುಗಿ, ಮತ್ತೆ ಹಿಡಿದುಕೊಳ್ಳುತ್ತಾಳೆ. ಹಿಂದೆ ಕೋಳಿ ಕೂಗುತ್ತದೆ. ಈಗ ಅದು ಐದು ಮನೆಯಲ್ಲಿದೆ.

ಆದ್ದರಿಂದ ಹೀಗೆ ಮಾಡಿ. ಮ್ಯೂಸಿಕ್ ಫೋಲ್ಡರ್ ನೋಡಿ ಸುಮ್ಮನಾಗಬೇಡಿ. ಡೌನ್‌ಲೋಡ್ಸ್, ಡೆಸ್ಕ್‌ಟಾಪ್, ಡಿ ಡ್ರೈವ್, ಹಳೇ ಫೋನ್ ಬ್ಯಾಕಪ್ ಎಲ್ಲಾ ತೆಗೆದು ನೋಡಿ. ಹುಡುಕುವ ಪೆಟ್ಟಿಗೆಯಲ್ಲಿ ಎಎಂಆರ್, 3ಜಿಪಿ, ವೇವ್, ಎಂ4ಎ, ಓಪಸ್ ಎಂದು ಒಂದೊಂದೇ ಬಾಲವನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ಹುಡುಕಿ. ಹಳೇ ಫೋನಿನ ರೆಕಾರ್ಡಿಂಗ್‌ಗಳು ಎಎಂಆರ್, 3ಜಿಪಿ ಆಗಿರುತ್ತವೆ. ವಾಟ್ಸಾಪ್ ದನಿ ಸಂದೇಶಗಳು ಓಪಸ್. ಸಿಕ್ಕಿದ್ದನ್ನು ಕೂತು ಕೇಳಿ, ಫೈಲಿಗೆ ಹೆಸರು ಕೊಡಿ: ಯಾರು ಹಾಡಿದ್ದು, ಯಾವ ಊರು, ಯಾವ ವರ್ಷ, ಯಾವ ಸಂದರ್ಭದ ಹಾಡು. "ರೆಕಾರ್ಡಿಂಗ್ 017" ಎಂದು ಬಿಟ್ಟರೆ ನಿಮ್ಮ ಮಕ್ಕಳು ಅದನ್ನು ತೆರೆಯುವುದೂ ಇಲ್ಲ. ಆಮೇಲೆ ಮನೆಯವರಿಗೆಲ್ಲಾ ಒಂದೊಂದು ಪ್ರತಿ ಕಳಿಸಿ. ಕಾಪಿ ಮಾಡಿ ಹಂಚಲೇಬೇಕಾದ ಸಂಗೀತ ಅಂತ ಇದ್ದರೆ ಇದು.

ಮೇಳದ ಯಕ್ಷಗಾನ, ಊರ ಜಾತ್ರೆ, ಸಂಗೀತ ಕಛೇರಿ ನಾನೇ ರೆಕಾರ್ಡ್ ಮಾಡಿದ್ದು ಇದೆ. ಅದು ನನ್ನದಲ್ವಾ?

ಯಂತ್ರ ನಿಮ್ಮದು, ದನಿ ಭಾಗವತರದ್ದು. ನಮ್ಮ ಕಾಯಿದೆಯಲ್ಲಿ ಹಾಡುವವರಿಗೆ, ನುಡಿಸುವವರಿಗೆ, ಆಡುವವರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕಿದೆ. ರಾತ್ರಿಯಿಡೀ ಚಳಿಯಲ್ಲಿ ಕೂತು ರೆಕಾರ್ಡ್ ಮಾಡಿದ ನಿಮ್ಮ ಪ್ರೀತಿ ದೊಡ್ಡದೇ. ಹಾಗಾಗಿ ಉಳಿಸಿಕೊಳ್ಳಿ, ನೀವು ಕೇಳಿ. ಕಂಪ್ಯೂಟರ್ ಜೊತೆ ಮಾರಬೇಡಿ. ಆ ಭಾಗವತರ ಮನೆಯವರು ಸಿಕ್ಕರೆ ಅವರಿಗೊಂದು ಪ್ರತಿ ಕೊಡಿ. ಎಷ್ಟೋ ಸಲ ಅವರ ಹತ್ತಿರವೇ ಇರುವುದಿಲ್ಲ.

ಎಲ್ಲವನ್ನೂ ಹೊಸ ಯಂತ್ರಕ್ಕೆ ಸಾಗಿಸುವುದು ಹೇಗೆ?

ಹೊರಗಿನ ಹಾರ್ಡ್ ಡಿಸ್ಕ್ ಒಂದಕ್ಕೆ ಕಾಪಿ ಮಾಡಿ. 128 ಕೆಬಿಪಿಎಸ್ ಎಂಪಿ3 ಆದರೆ ನಿಮಿಷಕ್ಕೆ ಸುಮಾರು 1 ಎಂಬಿ, 320 ಆದರೆ ಎರಡೂವರೆ ಎಂಬಿಯಷ್ಟು. ಸಾವಿರ ಹಾಡಿಗೆ 5ರಿಂದ 12 ಜಿಬಿ ಲೆಕ್ಕ ಇಟ್ಟುಕೊಳ್ಳಿ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ. ಎರಡು ಕಡೆ ಇರಲಿ.

ಐಟ್ಯೂನ್ಸ್ ಬಳಸುವವರು ಹಾಡುಗಳನ್ನಷ್ಟೇ ಎತ್ತಿಕೊಳ್ಳದೆ ಇಡೀ ಐಟ್ಯೂನ್ಸ್ ಫೋಲ್ಡರನ್ನು ಎತ್ತಿಕೊಳ್ಳಿ. ಪ್ಲೇಲಿಸ್ಟು, ಯಾವ ಹಾಡನ್ನು ಎಷ್ಟು ಸಲ ಕೇಳಿದ್ದೀರಿ ಎಂಬ ಲೆಕ್ಕ ಅದರೊಳಗಿನ ಲೈಬ್ರರಿ ಫೈಲಿನಲ್ಲಿದೆ. ಬೇರೆ ಪ್ಲೇಯರ್‌ಗಳ ಪ್ಲೇಲಿಸ್ಟ್ ಫೈಲಿನಲ್ಲಿ ಹಾಡು ಇರುವುದಿಲ್ಲ, ಹಾಡು ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಡಿ ಡ್ರೈವ್‌ನ ವಿಳಾಸ ಹಿಡಿದು ಹೊಸ ಯಂತ್ರದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಹಾಡಿನ ಸಾಹಿತ್ಯವನ್ನು ಹಳೇ ನುಡಿ, ಬರಹ ಸಾಫ್ಟ್‌ವೇರ್‌ಗಳಲ್ಲಿ ಟೈಪ್ ಮಾಡಿಟ್ಟಿದ್ದರೆ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಹಾಳಾಗಿದೆ ಎಂದು ಅಳಿಸಬೇಡಿ! ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ. ಒಂದು ಭಜನಾ ಮಂಡಳಿಯ ನಾನೂರು ಪುಟದ ಸಂಗ್ರಹವನ್ನು ನಾವು ಹೀಗೇ ವಾಪಸ್ ತಂದೆವು.

ಡಿಲೀಟ್ ಮಾಡಿ ರಿಸೈಕಲ್ ಬಿನ್ ಖಾಲಿ ಮಾಡಿದರೆ ಸಾಕಲ್ವಾ?

ಸಾಲದು. ಡಿಲೀಟ್ ಮಾಡಿದರೆ ಪುಸ್ತಕದ ಪರಿವಿಡಿಯಿಂದ ಹೆಸರು ಹೊಡೆದು ಹಾಕಿದ ಹಾಗೆ, ಪುಟ ಹಾಗೇ ಇರುತ್ತದೆ. ಕ್ವಿಕ್ ಫಾರ್ಮ್ಯಾಟ್ ಕೂಡ ಅಷ್ಟೇ. ಪುಕ್ಕಟೆ ಸಿಗುವ ಸಾಫ್ಟ್‌ವೇರ್‌ನಿಂದಲೇ ವಾಪಸ್ ತೆಗೆಯಬಹುದು. ನನ್ನ ಅಜ್ಜಿಯ ಹಾಡು ಹಾಗೆ ಸಿಗಬಹುದಿತ್ತೇನೋ, ಯಂತ್ರ ಕೈಗೆ ಸಿಕ್ಕಿದ್ದರೆ.

ವಿಂಡೋಸ್ 10, 11ರಲ್ಲಿ ಸೆಟ್ಟಿಂಗ್ಸ್‌ನ ರಿಕವರಿಗೆ ಹೋಗಿ ರೀಸೆಟ್ ದಿಸ್ ಪಿಸಿ, ಆಮೇಲೆ ರಿಮೂವ್ ಎವೆರಿಥಿಂಗ್ ಒತ್ತಿ. ಅಲ್ಲೇ ಚೇಂಜ್ ಸೆಟ್ಟಿಂಗ್ಸ್ ಎಂದಿರುತ್ತದೆ. ಅದರೊಳಗೆ ಕ್ಲೀನ್ ಡೇಟಾ ಆನ್ ಮಾಡಿ. ಇದನ್ನು ಬಿಟ್ಟರೆ ಉಳಿದದ್ದು ಅರ್ಧ ಕೆಲಸ. ಹಳೇ ಹಾರ್ಡ್ ಡಿಸ್ಕಿಗೆ ಕೆಲವು ಗಂಟೆ ಹಿಡಿಯುತ್ತದೆ, ಚಾರ್ಜರ್ ಹಾಕಿ ರಾತ್ರಿ ಬಿಟ್ಟುಬಿಡಿ. ಈಚಿನ ಮ್ಯಾಕ್‌ಗಳಲ್ಲಿ, 2021ರ ಮಾಂಟೆರಿ ಎಂಬ ಆವೃತ್ತಿಯಿಂದ ಈಚೆಗೆ, ಇರೇಸ್ ಆಲ್ ಕಂಟೆಂಟ್ ಅಂಡ್ ಸೆಟ್ಟಿಂಗ್ಸ್ ಎಂಬ ಒಂದೇ ಗುಂಡಿ ಸಾಕು.

ನನಗೆ ಇಷ್ಟವಾದ ದಾರಿ ಇನ್ನೊಂದಿದೆ. ಡಿಸ್ಕನ್ನೇ ಬಿಚ್ಚಿ ಇಟ್ಟುಕೊಳ್ಳಿ. ಹಳೇ 500 ಜಿಬಿ ಡಿಸ್ಕಿಗೆ ಅಂಗಡಿಯವರು ಹೆಚ್ಚೇನೂ ಕೊಡುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅದಕ್ಕೆ ಹೊಂದುವ ಯುಎಸ್‌ಬಿ ಕೇಸಿಂಗ್ ಸಿಗುತ್ತದೆ. ಹಾಕಿದರೆ ಅದೇ ಹೊರಗಿನ ಡಿಸ್ಕ್ ಆಗುತ್ತದೆ, ಏನೂ ಕಾಪಿ ಮಾಡುವ ಗೋಜೇ ಇಲ್ಲ. ಲ್ಯಾಪ್‌ಟಾಪ್ ಕೊಳ್ಳುವವರೂ ಹೇಗಿದ್ದರೂ ಹೊಸ ಎಸ್‌ಎಸ್‌ಡಿ ಹಾಕಿಸುತ್ತಾರೆ.

ಅಂಗಡಿಯವರು "ನಾವೇ ಫಾರ್ಮ್ಯಾಟ್ ಮಾಡ್ಕೋತೀವಿ" ಅಂತಾರಲ್ಲ?

ಮಾಡುತ್ತಾರೆ. ನೀವೂ ಮಾಡಿ ಕೊಡಿ.

ಒಳ್ಳೆ ಹಾಡು ತುಂಬಿದ್ದರೆ ರೇಟು ಜಾಸ್ತಿ ಸಿಗುತ್ತಾ?

ಇಲ್ಲ. ಅವರು ನೋಡುವುದು ಪ್ರೊಸೆಸರ್, ರ್‍ಯಾಮ್, ಬ್ಯಾಟರಿ, ಮಡಚುವ ಕೀಲು ಗಟ್ಟಿಯಿದೆಯಾ ಎಂಬುದನ್ನು.

ನಾನು ಆರ್ಕೆಸ್ಟ್ರಾದಲ್ಲಿ ಹಾಡುತ್ತೇನೆ. ಕರೋಕೆ ಟ್ರ್ಯಾಕ್, ರೆಕಾರ್ಡಿಂಗ್ ಸಾಫ್ಟ್‌ವೇರ್ ಎಲ್ಲಾ ಇದೆ.

ಟ್ರ್ಯಾಕ್‌ಗಳಿಗೂ ಮೇಲೆ ಹೇಳಿದ್ದೇ ಅನ್ವಯಿಸುತ್ತದೆ, ಮಾಡಿಸಿದವರು, ಮಾಡಿದವರು ಅಂತ ಇರುತ್ತಾರೆ. ನಿಮ್ಮ ಶ್ರುತಿಗೆ ಇಳಿಸಿಕೊಂಡ ಟ್ರ್ಯಾಕ್‌ಗಳನ್ನು ಬೇರೆ ಫೋಲ್ಡರ್‌ನಲ್ಲಿ ಜೋಪಾನ ಮಾಡಿ, ಆ ಕೆಲಸ ಮತ್ತೆ ಮಾಡಲು ತುಂಬಾ ಹೊತ್ತು ಬೇಕು. ಸಾಫ್ಟ್‌ವೇರ್ ವಿಷಯದಲ್ಲಿ ಒಂದೊಂದು ಕಂಪನಿಯದು ಒಂದೊಂದು ನಿಯಮ. ಯಂತ್ರ ಮಾರುವ ಮುಂಚೆ ಆಯಾ ಅಕೌಂಟಿಗೆ ಹೋಗಿ ಲೈಸೆನ್ಸ್ ಬಿಡಿಸಿಕೊಳ್ಳಿ. ಡಾಂಗಲ್, ಅಂದರೆ ಸಾಫ್ಟ್‌ವೇರ್ ಲೈಸೆನ್ಸಿನ ಯುಎಸ್‌ಬಿ ಕೀಲಿ, ಇದ್ದರೆ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಅರ್ಧ ಮುಗಿದ ಪ್ರಾಜೆಕ್ಟ್‌ಗಳಿಂದ ಒಂದೊಂದು ವೇವ್ ಫೈಲ್ ತೆಗೆದಿಡಿ. ಹೊಸ ಯಂತ್ರದಲ್ಲಿ ಪ್ಲಗಿನ್ ಸಿಗದಿದ್ದರೂ ಹಾಡು ಉಳಿಯುತ್ತದೆ.

ನಾನು ಕೊಂಡ ಹಳೇ ಲ್ಯಾಪ್‌ಟಾಪ್‌ನಲ್ಲಿ ಬೇರೆಯವರ ಹಾಡುಗಳಿವೆ. ಏನು ಮಾಡಲಿ?

ಅಳಿಸುವ ಮುಂಚೆ ಐದು ನಿಮಿಷ ಕೊಡಿ. ಮನೆಯವರ ದನಿಯ ಹಾಗೆ ಕಾಣುವ ಫೋಲ್ಡರ್ ಇದ್ದರೆ ಮಾರಿದವರಿಗೆ ಅಥವಾ ಅಂಗಡಿಗೆ ಒಂದು ಫೋನ್ ಮಾಡಿ. ನನ್ನ ಡೆಸ್ಕ್‌ಟಾಪ್ ಕೊಂಡವರಿಗೆ ಆ ಅವಕಾಶವೂ ಇರಲಿಲ್ಲ. ನಿಮಗಿದೆ. ಆಮೇಲೆ ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಸಿ. ಹಾಡಿನ ವೇಷದಲ್ಲಿ ವೈರಸ್ ಇರುವುದುಂಟು: ಹೆಸರಿನಲ್ಲಿ ಎಂಪಿ3 ಎಂದಿದ್ದು ಕೊನೆಯ ಬಾಲ ಇಎಕ್ಸ್‌ಇ ಆಗಿದ್ದರೆ ಅದು ಹಾಡಲ್ಲ, ಕ್ಲಿಕ್ ಮಾಡಬೇಡಿ.

ಮಾರುತ್ತಿಲ್ಲ, ಮಗಳಿಗೆ ಕೊಡುತ್ತಿದ್ದೇನೆ. ಆಗಲೂ ಇದೆಲ್ಲಾ ಬೇಕಾ?

ಇಷ್ಟೊಂದು ಬೇಡ. ಮನೆಯ ಯಂತ್ರ ಮನೆಯಲ್ಲೇ ಇದೆ. ನಿಮ್ಮ ಅಕೌಂಟಿನಿಂದ ಹೊರಬನ್ನಿ, ಅವಳು ಅವಳದ್ದರಿಂದ ಒಳಬರಲಿ. ಮನೆಯ ರೆಕಾರ್ಡಿಂಗ್‌ಗಳ ಪ್ರತಿಯನ್ನು ಮಾತ್ರ ಬೇರೆ ಇಟ್ಟುಕೊಳ್ಳಿ. ಮಕ್ಕಳು ಜಾಗ ಸಾಲದು ಎಂದು ಒಂದು ಸಂಜೆ ಏನನ್ನಾದರೂ ಅಳಿಸಿಬಿಡುತ್ತಾರೆ.

ಅಪ್ಪ ತೀರಿಕೊಂಡರು. ಅವರ ಕಂಪ್ಯೂಟರ್ ತುಂಬಾ ಹಾಡು. ಅದು ನಮಗೆ ಬರುತ್ತಾ?

ಅವರ ಸೀಡಿ, ಕ್ಯಾಸೆಟ್, ರೆಕಾರ್ಡುಗಳು ಮನೆಯ ಉಳಿದ ವಸ್ತುಗಳಂತೆ ನಿಮಗೆ ಬರುತ್ತವೆ. ಅಕೌಂಟಿಗೆ ಕಟ್ಟಿದ್ದು ಹಾಗೆ ಬರುವುದಿಲ್ಲ. ಆಪಲ್ 2021ರಲ್ಲಿ ಲೆಗಸಿ ಕಾಂಟ್ಯಾಕ್ಟ್ ಎಂಬ ಏರ್ಪಾಡು ತಂದಿತು. ತೀರಿಹೋದವರು ಮೊದಲೇ ಹೆಸರು ಸೂಚಿಸಿದ್ದರೆ ಅವರ ಫೋಟೋ, ಟಿಪ್ಪಣಿ, ಸಂದೇಶಗಳು ಸಿಗುತ್ತವೆ. ಕೊಂಡ ಹಾಡು, ಸಿನಿಮಾ, ಪುಸ್ತಕ ಅದರಲ್ಲಿ ಸೇರಿಲ್ಲ.

ಆ ಕಂಪ್ಯೂಟರನ್ನು ಒಂದು ವರ್ಷ ಮಾರಬೇಡಿ. ದುಃಖದಲ್ಲಿರುವಾಗ ಯಾವುದು ಬೇಕು, ಯಾವುದು ಬೇಡ ಎಂದು ಗೊತ್ತಾಗುವುದಿಲ್ಲ. ಅಪ್ಪ ಏನು ಕೇಳುತ್ತಿದ್ದರು ಎಂಬ ಪಟ್ಟಿಯೇ ಆಮೇಲೆ ಬೇಕು ಅನ್ನಿಸುತ್ತದೆ. ಕನಿಷ್ಠ ಆ ಪ್ಲೇಲಿಸ್ಟಿನ ಫೋಟೋ ತೆಗೆದಿಟ್ಟುಕೊಳ್ಳಿ.

ಕಂಪ್ಯೂಟರ್ ಕೊಳ್ಳುತ್ತಿರುವ ಹುಡುಗನಿಗೆ ನನ್ನ ಹಾಡುಗಳ ಮೇಲೆ ತುಂಬಾ ಆಸೆ. ಬರಿಗೈಯಲ್ಲಿ ಕಳಿಸಲು ಮನಸ್ಸಿಲ್ಲ.

ಬರಿಗೈಯಲ್ಲಿ ಕಳಿಸಬೇಡಿ. ನಿಮ್ಮ ಹತ್ತಿರ ಎರಡೆರಡು ಇರುವ ಸೀಡಿ ಕೊಡಿ. ಆಪ್‌ನಲ್ಲಿ ಒಂದು ಪ್ಲೇಲಿಸ್ಟ್ ಮಾಡಿ ಲಿಂಕ್ ಕಳಿಸಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಇಲ್ಲವೇ ಒಂದು ಹಾಳೆಯಲ್ಲಿ ಕೈಯಲ್ಲೇ ಬರೆದುಕೊಡಿ. ಹಾಡಿನ ಹೆಸರು, ಹಾಡಿದವರು, ನಿಮಗೆ ಅದು ಯಾಕೆ ಇಷ್ಟ ಎಂದು ಪಕ್ಕದಲ್ಲಿ ಒಂದು ಸಾಲು. ಹೋದ ವರ್ಷ ನಾನು ಲ್ಯಾಪ್‌ಟಾಪ್ ಮಾರಿದಾಗ ಕೊಂಡ ಹುಡುಗ ಇಂಜಿನಿಯರಿಂಗ್ ಎರಡನೇ ವರ್ಷದವನು, ಹಾವೇರಿ ಕಡೆಯವನು. ಮೂವತ್ತು ಹಾಡಿನ ಪಟ್ಟಿ ಬರೆದು ಚಾರ್ಜರ್ ಜೊತೆ ಚೀಲಕ್ಕೆ ಹಾಕಿದ್ದೆ. ಎರಡು ತಿಂಗಳ ಮೇಲೆ ಮೆಸೇಜ್ ಬಂತು: "ಹನ್ನೊಂದನೇದು ಎಲ್ಲೂ ಸಿಗ್ತಿಲ್ಲ ಸರ್." ನನ್ನ ಹತ್ತಿರ ಅದರ ಸೀಡಿ ಇತ್ತು. ಕೊರಿಯರ್ ಮಾಡಿದೆ.